ಬೆಪ್ಪುವಿಗೆ ಬಿದಿರು ಬುಟ್ಟಿ ನೋಡಲು ಹೋಗುವವರಿಗೆ

ಜಪಾನಿನ ಬಿದಿರು ಎಂದರೆ ನಮ್ಮವರು ಕ್ಯೋಟೋದ ಅರಾಶಿಯಾಮಕ್ಕೆ ಹೋಗಿ, ಜನಜಂಗುಳಿಯಲ್ಲಿ ಮೆಳೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಆ ಬಿದಿರಿನಿಂದ ಏನೇನು ಮಾಡುತ್ತಾರೆ ಅಂತ ನೋಡುವ ಆಸೆ ಇದ್ದರೆ ಹೋಗಬೇಕಾದದ್ದು ಕ್ಯುಶು ದ್ವೀಪದ ಓಯಿತಾ ಪ್ರಾಂತ್ಯದ ಬೆಪ್ಪುವಿಗೆ. (ಹೆಸರು ಕೇಳಿ ನಗುವವರು ಈಗಲೇ ನಕ್ಕುಬಿಡಿ.) ಊರು ಪ್ರಸಿದ್ಧವಾಗಿರುವುದು ಬಿಸಿನೀರ ಬುಗ್ಗೆಗಳಿಗೆ. ಹಿಂದೆ ಮೈಕೈ ನೋವು, ಹಳೇ ಕಾಯಿಲೆ ಇದ್ದವರು ಇಲ್ಲಿ ಬಂದು ವಾರಗಟ್ಟಲೆ ಬಿಡಾರ ಹೂಡಿ, ತಾವೇ ಬೇಯಿಸಿಕೊಂಡು ತಿಂದು ಇರುತ್ತಿದ್ದರು. ಅಕ್ಕಿ ತೊಳೆಯಲು, ತರಕಾರಿ ಸೋಸಲು ಅವರಿಗೆ ಬುಟ್ಟಿ ಬೇಕಿತ್ತು. ಊರಿಗೆ ಹೊರಡುವಾಗ ಒಂದೆರಡು ಹೊತ್ತೊಯ್ಯುತ್ತಿದ್ದರು. ಕಸುಬು ಕುದುರಿದ್ದೇ ಹಾಗೆ. 1979ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಸಾಂಪ್ರದಾಯಿಕ ಕರಕುಶಲಗಳ ಪಟ್ಟಿಗೆ ಸೇರಿಸಿತು.

ದಾರಿ ಸುಲಭ. ಫುಕುವೊಕಾದ ಹಕಾತಾ ನಿಲ್ದಾಣದಿಂದ ‘ಸೋನಿಕ್’ ಎಕ್ಸ್‌ಪ್ರೆಸ್ ಹಿಡಿದರೆ ಎರಡು ಗಂಟೆಯಲ್ಲಿ ಬೆಪ್ಪು. ಬೆಂಗಳೂರಿನಿಂದ ಸಿಂಗಪುರ ಅಥವಾ ಬ್ಯಾಂಕಾಕ್ ಮೇಲೆ ಫುಕುವೊಕಾಗೇ ಇಳಿದರೆ ಟೋಕಿಯೋ ಸುತ್ತು ತಪ್ಪುತ್ತದೆ. 2023ರ ಅಕ್ಟೋಬರ್‌ನಲ್ಲಿ ದೇಶವ್ಯಾಪಿ ರೈಲು ಪಾಸು ಏಳು ದಿನಕ್ಕೆ 50,000 ಯೆನ್‌ಗೆ ಏರಿತು. ಕ್ಯುಶುವಿನಲ್ಲಷ್ಟೇ ಓಡಾಡುವವರು ಅದರ ತಂಟೆಗೆ ಹೋಗದೆ ಉತ್ತರ ಕ್ಯುಶು ಪಾಸು ತೆಗೆದುಕೊಳ್ಳಿ.

ಮುಖ್ಯ ಜಾಗ ನಗರಾಡಳಿತದ ಬಿದಿರು ಕಸುಬಿನ ಭವನ. ಬಸ್ ಚಾಲಕನಿಗೆ ‘ತಾಕೆಜೈಕು ದೆಂತೋ ಸಾಂಗ್ಯೋ ಕೈಕನ್’ ಅನ್ನಿ, ಅಥವಾ ಫೋನಿನಲ್ಲಿ ಜಪಾನಿ ಲಿಪಿಯ ಹೆಸರು ತೋರಿಸಿ. ಅಲ್ಲಿನ ಬಸ್ಸಿಗೆ ಹಿಂಬಾಗಿಲಿನಿಂದ ಹತ್ತಿ, ಸಂಖ್ಯೆ ಇರುವ ಚೀಟಿ ಎಳೆದುಕೊಂಡು, ಇಳಿಯುವಾಗ ಮುಂದೆ ದುಡ್ಡು ಹಾಕಬೇಕು. ಚಿಲ್ಲರೆ ಇಟ್ಟುಕೊಳ್ಳಿ. ಸೋಮವಾರ ಭವನಕ್ಕೆ ರಜೆ. ಹೋಟೆಲ್ ಕಾಯ್ದಿರಿಸುವ ಮೊದಲೇ ಈ ರಜೆಯ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕೈಯಾರೆ ಹೆಣೆದು ನೋಡುವ ತರಗತಿಗೆ ಮುಂಚಿತವಾಗಿ ಹೆಸರು ಬರೆಸಬೇಕು. ಇಂಗ್ಲಿಷ್ ಮಾತು ಹೆಚ್ಚೇನೂ ನಡೆಯದು, ಆದರೆ ಅದರಿಂದ ತೊಂದರೆಯೂ ಇಲ್ಲ. ಕಲಿಸುವವರ ಕೈ ನೋಡುತ್ತಿದ್ದರೆ ಸಾಕು.

ತರಗತಿಯಲ್ಲಿ ಸೀಳಿ ಸಿದ್ಧ ಮಾಡಿಟ್ಟ ಕಡ್ಡಿಗಳನ್ನೇ ಕೊಡುತ್ತಾರೆ. ಒಂದರ ಮೇಲೆ ಒಂದರ ಕೆಳಗೆ ದಾಟಿಸುತ್ತ ಹೋದರೆ ಚಿಕ್ಕ ಹೂಬುಟ್ಟಿ ತಯಾರು, ಖುಷಿಯಾಗಿ ಫೋಟೊ ಹಾಕಬಹುದು. ಆದರೆ ಅಷ್ಟಕ್ಕೇ ಎದ್ದು ಬಂದರೆ ಈ ಕಸುಬಿನ ಮುಕ್ಕಾಲು ಪಾಲು ನೀವು ನೋಡಲೇ ಇಲ್ಲ. ಬುಟ್ಟಿಯ ಜೀವ ಇರುವುದು ಹೆಣಿಗೆಯಲ್ಲಲ್ಲ, ಕಡ್ಡಿಯಲ್ಲಿ. ಯಾರಾದರೂ ಬಿದಿರು ಸೀಳುತ್ತಿದ್ದರೆ ಅಲ್ಲೇ ನಿಂತುಬಿಡಿ.

ನಾನು ನಿಂತದ್ದು ಹಾಗೆ ಒಬ್ಬ ಹಿರಿಯರ ಮುಂದೆ. ಬಿದಿರಿನ ತುದಿಗೆ ಕತ್ತಿ ಇಟ್ಟು ಒಂದು ಏಟು, ಗೆಣ್ಣು ದಾಟುವಾಗ ಟಪ್ ಎಂಬ ಸದ್ದು. ಆಮೇಲೆ ಸೀಳನ್ನು ದಪ್ಪದಲ್ಲಿ ಎರಡು ಮಾಡುತ್ತಾರೆ, ಮತ್ತೆ ಎರಡು. ಹೊರಸಿಪ್ಪೆಯ ಕಡೆಯ ಪದರ ಉಳಿಸಿಕೊಂಡು ಒಳಗಿನ ಮೆತ್ತನೆ ತಿರುಳನ್ನು ಬದಿಗೆ ಹಾಕುತ್ತಾರೆ. ಕತ್ತಿ ಒಂದು ಕಡೆ ತೆಳುವಾಗಿ ಜಾರತೊಡಗಿದರೆ ಅದನ್ನು ತಿದ್ದುವುದು ಕತ್ತಿಯಿಂದಲ್ಲ. ದಪ್ಪ ಉಳಿದ ಭಾಗವನ್ನು ಹೆಚ್ಚು ಬಾಗಿಸಿದರೆ ಸೀಳು ತಾನಾಗಿ ನಡುವಿಗೆ ಮರಳುತ್ತದೆ. ನಮ್ಮ ಮೇದಾರರ ಕೇರಿಯಲ್ಲಿ ಮೊರ, ಮಂಕರಿ ಹೆಣೆಯುವವರ ಕೈಯಲ್ಲೂ ಇದೇ ಉಪಾಯ ಕಾಣುತ್ತದೆ. ಬೇರೆಯಾಗುವುದು ಮುಂದಿನ ಹಂತದಲ್ಲಿ. ಮರದ ದಿಮ್ಮಿಗೆ ಎರಡು ಚಿಕ್ಕ ಅಲಗುಗಳನ್ನು ಎದುರುಬದುರಾಗಿ ಹೊಡೆದು, ನಡುವಿನ ಸಂದಿನಿಂದ ಕಡ್ಡಿಯನ್ನು ಎಳೆಯುತ್ತಾರೆ. ಎರಡೂ ಅಂಚಿನಿಂದ ಕೂದಲೆಳೆಯಂಥ ಸಿಬಿರು ಸುರುಳಿಯಾಗಿ ಉದುರುತ್ತದೆ, ಎಲ್ಲ ಕಡ್ಡಿಗೂ ಒಂದೇ ಅಗಲ ಬರುತ್ತದೆ. ಆಮೇಲೆ ಮೂಲೆ ಸವರಿ ನುಣುಪು ಮಾಡುವುದು. ಅವರು ಕೊಟ್ಟ ಕಡ್ಡಿಯನ್ನು ಬೆರಳುಗಳ ನಡುವೆ ಎಳೆದು ನೋಡಿದೆ, ಗೆಣ್ಣು ಎಲ್ಲಿತ್ತೆಂದು ಬೆರಳಿಗೆ ತಿಳಿಯಲಿಲ್ಲ. ಅಂಗಡಿಯ ಬೆಲೆ ಚೀಟಿ ನೋಡಿ ಹೌಹಾರುವ ಮೊದಲು ಇದನ್ನು ನೋಡಿರಬೇಕು.

ಬಳಸುವುದು ಹೆಚ್ಚಾಗಿ ಮದಾಕೆ ಎಂಬ ಜಾತಿ. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚು, ನಾರು ನೇರ, ಬಳುಕು ಚೆನ್ನ. ಕಡಿಯುವುದು ಚಳಿಗಾಲದ ಹೊತ್ತಿಗೆ, ಆಗ ಹುಳುವಿಗೆ ರುಚಿಸುವ ಪಿಷ್ಟ ಕಡಿಮೆ. ನಮ್ಮಲ್ಲಿ ಕೃಷ್ಣಪಕ್ಷ ನೋಡಿ ಕಡಿಯುವವರ ಚಿಂತೆಯೂ ಆ ಹುಳುವೇ. ಕಾಸ್ಟಿಕ್ ಸೋಡಾ ನೀರಲ್ಲಿ ಕುದಿಸಿ ಎಣ್ಣೆಯಂಶ ತೆಗೆದು ಬಿಸಿಲಿಗೆ ಒಡ್ಡಿದರೆ ಹಸಿರು ಹೋಗಿ ದಂತದ ಬಣ್ಣ ಬರುತ್ತದೆ. ಬೆಪ್ಪುವಿನ ನಯವಾದ ಬುಟ್ಟಿಗಳೆಲ್ಲ ಇದರವೇ. 1960ರ ದಶಕದಲ್ಲಿ ಜಪಾನಿನಾದ್ಯಂತ ಮದಾಕೆ ಹೂ ಬಿಟ್ಟು ಒಣಗಿತು, ಸುಮಾರು 120 ವರ್ಷಕ್ಕೊಮ್ಮೆ ಹಾಗಾಗುತ್ತದಂತೆ. ಪ್ಲಾಸ್ಟಿಕ್ ಬುಟ್ಟಿ ಮನೆಮನೆಗೆ ನುಗ್ಗಿದ್ದೂ ಆ ಸುಮಾರಿಗೇ. ಬಿದಿರಕ್ಕಿ ಬಂದ ವರ್ಷ ಬರ ಎಂದು ಹೆದರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭವನದ ಒಳಗೆ ಶೋನೊ ಶೋಉನ್‌ಸಾಯ್ ಅವರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. 1904ರಲ್ಲಿ ಬೆಪ್ಪುವಿನಲ್ಲೇ ಹುಟ್ಟಿದವರು. 1967ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಗೌರವ ಬಂತು, ಬಿದಿರು ಕೆಲಸಕ್ಕೆ ಅದು ಸಿಕ್ಕಿದ್ದು ಇವರಿಗೇ ಮೊದಲು. ಗೋಡೆಯ ಮೇಲೆ ಎಂಟು ಮೂಲ ಹೆಣಿಗೆಗಳ ಮಾದರಿಗಳಿವೆ: ಚೌಕದ ಕಣ್ಣು, ಆರು ಮೂಲೆಯ ಕಣ್ಣು, ಸೇವಂತಿಗೆಯಂತೆ ಹರಡುವ ತಳ, ಹೀಗೆ. ಓರೆಯಾಗಿ ಸಾಗುವ ಅಜಿರೊ ಎಂಬ ಹೆಣಿಗೆ ನೋಡಿದರೆ ನಮ್ಮ ಮೊರದ ನೆನಪಾಗದಿರದು. ಇದೇ ಊರಿನಲ್ಲಿ ಓಯಿತಾ ಪ್ರಾಂತ್ಯ ನಡೆಸುವ ಬಿದಿರು ತರಬೇತಿ ಶಾಲೆಯೂ ಇದೆ, ಎರಡು ವರ್ಷದ ಕಲಿಕೆ. ಪಟ್ಟಣದ ನೌಕರಿ ಬಿಟ್ಟು ಬಂದು ಸೇರುವವರೂ ಇದ್ದಾರೆ. ವಚನಕಾರ ಮೇದರ ಕೇತಯ್ಯನ ನಾಡಿನ ನಮ್ಮಲ್ಲಿ ಇಂಥದ್ದೊಂದು ಶಾಲೆ ಊರೂರಿಗೆ ಬೇಡ, ಜಿಲ್ಲೆಗೊಂದಾದರೂ ಯಾಕಿಲ್ಲ ಎಂದು ಅಲ್ಲಿ ಸುಮ್ಮನೆ ಸಿಟ್ಟು ಬಂತು. ಇರಲಿ.

ಅರ್ಧ ದಿನ ಹೆಚ್ಚಿಗೆ ಇದ್ದರೆ ರೈಲಿನಲ್ಲಿ ಕಾಲು ಗಂಟೆ ದೂರದ ಓಯಿತಾ ಪಟ್ಟಣಕ್ಕೆ ಹೋಗಿ ಪ್ರಾಂತ್ಯದ ಕಲಾ ಸಂಗ್ರಹಾಲಯ ನೋಡಿ. ವಾಸ್ತುಶಿಲ್ಪಿ ಶಿಗೆರು ಬಾನ್ ಕಟ್ಟಿದ್ದು, 2015ರಲ್ಲಿ ತೆರೆಯಿತು. ಹೊರಗಿನ ಮರದ ಜಾಲರಿಯೇ ಬಿದಿರು ಹೆಣಿಗೆಯ ಹೋಲಿಕೆಯಲ್ಲಿದೆ.

ಊಟದ ಮಾತು. ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಸಾರಿನೊಳಗಿನ ಮೀನಿನ ಸತ್ವವೇ ಕಾಟ. ಬೆಪ್ಪುವಿನ ಕನ್ನವಾ ಬಡಾವಣೆಯಲ್ಲಿ ಆ ಚಿಂತೆ ಇಲ್ಲ: ನೆಲದಿಂದ ಬರುವ ಹಬೆಯ ಒಲೆಯನ್ನು ಬಾಡಿಗೆಗೆ ಕೊಡುತ್ತಾರೆ, ಗೆಣಸು, ಜೋಳ, ಕುಂಬಳವನ್ನು ಜಾಲರಿ ತಟ್ಟೆಯಲ್ಲಿಟ್ಟು ಬೇಯಿಸಿಕೊಳ್ಳಬಹುದು. ಹಬೆಯಲ್ಲೇ ತುಸು ಉಪ್ಪಿರುತ್ತದೆ. ಚಟ್ನಿಪುಡಿ ಪೊಟ್ಟಣ ಜೇಬಿನಲ್ಲಿದ್ದರೆ ರಾಜಭೋಜನ. ಊರಿನ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಭಾರತದ ವಿದ್ಯಾರ್ಥಿಗಳೂ ಓದುತ್ತಾರೆ, ರಸ್ತೆಯಲ್ಲಿ ಹಿಂದಿ ಕೇಳಿಸಿದರೆ ಬೆಚ್ಚಬೇಡಿ.

ಕೊಳ್ಳುವವರಿಗೆ: ಹೆಂಗಸರ ಕೈಚೀಲದ ನಮೂನೆಯವು ಹತ್ತಾರು ಸಾವಿರ ಯೆನ್‌ನಿಂದ ಮೇಲೆ. ಅಗ್ಗದ ಅಂಗಡಿಗಳಲ್ಲಿ ಸಿಗುವ ಸೋಸುಬುಟ್ಟಿಗಳು ಬಹುಪಾಲು ಹೊರದೇಶದವು, ಎಲ್ಲಿ ತಯಾರಾದದ್ದು ಎಂದು ಕೇಳಿಯೇ ತೆಗೆದುಕೊಳ್ಳಿ. ಬುಟ್ಟಿಯನ್ನು ಬೆಳಕಿಗೆ ಹಿಡಿದು ಕಣ್ಣುಗಳೆಲ್ಲ ಒಂದೇ ಅಳತೆಯೇ ನೋಡಿ, ಒಳಬದಿಯಲ್ಲಿ ಬೆರಳು ಸವರಿ ಸಿಬಿರು ತಾಗುತ್ತದೆಯೇ ಪರೀಕ್ಷಿಸಿ, ಮಗುಚಿ ತಳ ನೋಡಿ. ಅಂಚು ಕಟ್ಟಿದ ಜಾಗದಲ್ಲಿ ಸಡಿಲವಿದ್ದರೆ ಬಿಡಿ. ದಿನಬಳಕೆಗೆ ನನ್ನ ಓಟು ಹಸಿರು ಬಿದಿರಿನ ಅಡುಗೆಮನೆ ಬುಟ್ಟಿಗೆ: ಬೆಲೆಯೂ ಕಡಿಮೆ, ಬಳಸುತ್ತ ಬಳಸುತ್ತ ಜೇನುಬಣ್ಣಕ್ಕೆ ತಿರುಗುತ್ತದೆ.

ಬುಟ್ಟಿಯನ್ನು ಬಟ್ಟೆ ತುಂಬಿಸಿ ಕೈಚೀಲದಲ್ಲೇ ತನ್ನಿ, ಸೂಟ್‌ಕೇಸಿನಲ್ಲಿ ಅಂಚು ಮುರಿಯುತ್ತದೆ. ಸೀಳುವ ಕತ್ತಿ ಕೊಂಡಿದ್ದರೆ ಅದು ಸೂಟ್‌ಕೇಸಿಗೆ. ಹಸಿ ಬಿದಿರು, ಹೆಣೆಯದ ಕಡ್ಡಿಯ ಕಟ್ಟು ತರಲು ಹೋಗಬೇಡಿ, ಸಸ್ಯ ತಪಾಸಣೆಯವರ ಹತ್ತಿರ ನಿಲ್ಲಬೇಕಾದೀತು. ಮನೆಯಲ್ಲಿ ತೊಳೆದ ಮೇಲೆ ನೆರಳಲ್ಲಿ ಗಾಳಿಗೆ ಒಣಗಿಸಿ. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟರೆ ಬೂಷ್ಟು ಖಂಡಿತ.