ಓಣಂ ರಜೆಗೆ ಆಶ್ರಮವೋ, ಬೇಕಲವೋ?

ಓಣಂ ರಜೆ ಹತ್ತಿರ ಬಂತು. ಕಾಸರಗೋಡಿನ ನಮ್ಮದು ಕನ್ನಡ ಶಾಲೆಯಾದರೂ ರಜೆಯೆಲ್ಲ ಕೇರಳದ ಲೆಕ್ಕದಲ್ಲೇ. ಪರೀಕ್ಷೆ ಮುಗಿದರೆ ಹತ್ತು ದಿನ ಬಿಡುವು. ಈ ಸಲ ಅಕ್ಕನನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಲೇಬೇಕು ಅಂತ ಅಮ್ಮನ ವರ್ಷಾಂತಿಕ ಕಳೆದ ಕೂಡಲೇ ನಿಶ್ಚಯ ಮಾಡಿದ್ದೆ. ಎಲ್ಲಿಗೆ ಅನ್ನುವುದೇ ಬಗೆಹರಿದಿರಲಿಲ್ಲ.

ನನ್ನ ಮನಸ್ಸಿದ್ದದ್ದು ಕಾಞಂಗಾಡಿನ ಆನಂದಾಶ್ರಮದ ಮೇಲೆ. ಸ್ವಾಮಿ ರಾಮದಾಸರು, ಅವರ ಶಿಷ್ಯೆ ಮಾತಾಜಿ ಕೃಷ್ಣಾಬಾಯಿ ಇದ್ದ ಜಾಗ. ರಾಮದಾಸರು ಬೇರೆಲ್ಲಿಂದಲೋ ಬಂದವರಲ್ಲ, 1884ರಲ್ಲಿ ಅಲ್ಲೇ ಹೊಸದುರ್ಗದಲ್ಲಿ ಹುಟ್ಟಿದವರು. ಆಗಿನ ಹೆಸರು ವಿಠಲ ರಾವ್. ಬಟ್ಟೆ ಮಿಲ್ಲಿನ ವಿದ್ಯೆ ಕಲಿತು, ಕೆಲಸ, ವ್ಯಾಪಾರ, ಸಂಸಾರ ಎಲ್ಲದರಲ್ಲೂ ನೊಂದವರು. ಅವರಿಗೆ ರಾಮಮಂತ್ರ ಕೊಟ್ಟದ್ದು ಸ್ವಂತ ತಂದೆ. 1922ರ ಕೊನೆಗೆ ಮನೆ ಬಿಟ್ಟು ಹೊರಟರು, ತಿರುವಣ್ಣಾಮಲೆಯಲ್ಲಿ ರಮಣರನ್ನು ಕಂಡರು, ಕದ್ರಿಯ ಗುಹೆಯಲ್ಲಿ ಕೂತರು. ಮೊದಲ ಆಶ್ರಮ ನಮ್ಮ ಕಾಸರಗೋಡಿನಲ್ಲೇ ಆಗಿತ್ತು. ಕಾಞಂಗಾಡಿನದ್ದು 1931ರಲ್ಲಿ ಆದದ್ದು. ಅಪ್ಪ ಕಲಿಸಿದ ಒಂದು ಸಾಲನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬಹುದು ಅನ್ನುವುದು ನನಗೆ ಬಹಳ ದೊಡ್ಡ ಸಂಗತಿ. ಭಜನೆ ಹಾಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೇ ನಾಮ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ಕೂತು ದನಿಗೂಡಿಸಬಹುದು. ಅಮ್ಮ ಹೋದ ಮೇಲೆ ನನಗೆ ಹಾಗೆ ಕೂತುಕೊಳ್ಳಬೇಕು ಅನ್ನಿಸುತ್ತಲೇ ಇದೆ.

ಅಕ್ಕನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತದೆ, “ನನಗೆ ಕಡಲು ನೋಡಬೇಕು ಮಾರಾಯ್ತಿ. ಯಾರಾದರೂ ಬಡಿಸಿದ್ದನ್ನು ಉಣ್ಣಬೇಕು” ಅಂದಳು. ಅಷ್ಟೇ.

ಕಾಸರಗೋಡಿನವರಿಗೆ ಕಡಲು ಹೊಸತಾ ಅಂತ ನೀವು ಕೇಳಬಹುದು. ನೀರ್ಚಾಲಿನ ಕಡೆ ತೋಟದ ಮನೆಯಲ್ಲಿ ಇರುವವರಿಗೆ ಕಡಲು ದೂರವೇ. ಅಮ್ಮ ಮಲಗಿದ್ದಲ್ಲೇ ಆದ ಮೇಲಂತೂ ಅಕ್ಕ ಬದಿಯಡ್ಕ ಪೇಟೆಗೆ ಹೋದದ್ದೂ ಅಪರೂಪ. ನಾನು ಹಗಲು ಶಾಲೆಯಲ್ಲಿ. ಮಂಚದ ಬುಡದಲ್ಲಿ ಚಾಪೆ ಹಾಸಿ ಮಲಗಿದವಳು ಅವಳು. ಬೆನ್ನು ಹುಣ್ಣಾಗಬಾರದು ಅಂತ ರಾತ್ರಿ ಎದ್ದೆದ್ದು ಅಮ್ಮನನ್ನು ಮಗ್ಗುಲು ತಿರುಗಿಸುತ್ತಿದ್ದಳು. ಅವಳ ಬಲಗೈ ಹೆಬ್ಬೆರಳಿನ ಬುಡ ಈಗಲೂ ಊದಿಕೊಂಡಿದೆ. ಪಾತ್ರೆ ಎತ್ತುವಾಗ ನಾಲ್ಕೇ ಬೆರಳಲ್ಲಿ ಹಿಡಿಯುತ್ತಾಳೆ. ಈಗಲೂ ಎರಡು ಗಂಟೆಗೆ ಎಚ್ಚರವಾಗುತ್ತದಂತೆ. ಎದ್ದು ಕೂತು, ಮಂಚ ಖಾಲಿ ಅಂತ ನೆನಪಾಗಿ, ಮತ್ತೆ ಮಲಗುತ್ತಾಳೆ.

ಇಂಥವಳನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಭಜನೆಗೆ ಕರೆದುಕೊಂಡು ಹೋಗುವುದಾ? ನಾನು ಕರೆದರೆ ಬರುತ್ತಾಳೆ, ಇಲ್ಲ ಅನ್ನುವ ಜನ ಅಲ್ಲ. ಅದಕ್ಕೇ ಕರೆಯಬಾರದು ಅನ್ನಿಸಿತು. ನಾಮ ಹೇಳಬೇಕು ಅನ್ನುವ ಆಸೆ ಒಳಗಿನಿಂದ ಬರಬೇಕು. ತಂಗಿಯ ಮಾತು ಮೀರಲಾರದೆ ಹೋಗಿ ಕೂತರೆ ಅದೂ ಒಂದು ಚಾಕರಿಯೇ ಆಗುತ್ತದೆ, ಅಲ್ವಾ? ಅವಳಿಗೆ ಚಾಕರಿ ಸಾಕು.

ಶಾಲೆಯ ಸಹೋದ್ಯೋಗಿಯೊಬ್ಬರು ವಿಪಶ್ಯನ ಧ್ಯಾನದ ಶಿಬಿರಕ್ಕೆ ಹೋಗಿ ಅಂದರು. ಗೋಯೆಂಕಾ ಅವರ ಪರಂಪರೆಯದ್ದು. ಹತ್ತು ದಿನದ ಕೋರ್ಸ್, ಫೀಸು ಇಲ್ಲ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಪೂರ್ತಿ ಮೌನ. ಒಳ್ಳೆಯದೇ. ಆದರೆ ನಾವಿಬ್ಬರೂ ಅಮ್ಮನ ಬಗ್ಗೆ ಬಾಯ್ತುಂಬ ಮಾತಾಡಿಯೇ ಇಲ್ಲ ಇನ್ನೂ. ನಮಗೆ ಬೇಕಾದ್ದು ಮಾತು. ಮಸಾಜು, ಈಜುಕೊಳ, ಧ್ಯಾನ ಮೂರನ್ನೂ ಸೇರಿಸಿದ ಪ್ಯಾಕೇಜೂ ಸಿಗುತ್ತದೆ. ಅದು ನನಗೆ ಒಗ್ಗುವುದಿಲ್ಲ. ವಿಶ್ರಾಂತಿ ಬೇಕಾದರೆ ವಿಶ್ರಾಂತಿ ಅಂತಲೇ ಹೇಳಿ ಹೋಗಬೇಕು. ದೇವರ ಹೆಸರನ್ನು ಅದಕ್ಕೆ ಅಂಟಿಸಬೇಕಾಗಿಲ್ಲ.

ಹಾಗಾಗಿ ಕಡಲ ಬದಿಯ ಬೇಕಲವೇ ಆಯಿತು. ಕಾಸರಗೋಡು ಪೇಟೆಯಿಂದ 16 ಕಿಲೋಮೀಟರ್ ಇರಬಹುದು. ರಾಣಿಪುರಂ ಗುಡ್ಡದ ಮಾತೂ ಬಂದಿತ್ತು, ಆದರೆ ಮಳೆಗಾಲದಲ್ಲಿ ಅಲ್ಲಿ ಜಿಗಣೆ ಜಾಸ್ತಿ. ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಮನೆ ಚೆಂದವೇ, ಆದರೆ ಅಕ್ಕನಿಗೆ ಬೇಕಾದ್ದು ತೆರೆ ಹೊಡೆಯುವ ಕಡಲು. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು ಅನ್ನುತ್ತಾರೆ. ಸುಮಾರು 40 ಎಕರೆ, ಎಲ್ಲ ಮುರಕಲ್ಲು. ಮಳೆ ಬಿದ್ದರೆ ಆ ಕಲ್ಲು ಗಾಢ ಕೆಂಪಾಗಿ ಹೊಳೆಯುತ್ತದೆ, ಸಂದಿಯಲ್ಲೆಲ್ಲ ಹಸಿರು ಹುಲ್ಲು. ಕಡಲಿಗೆ ಮುಖ ಮಾಡಿದ ಬುರುಜಿನ ಕಂಡಿಯಲ್ಲಿ ಮುಖ ಇಟ್ಟರೆ ಉಪ್ಪುಗಾಳಿ ಕಣ್ಣಿಗೇ ಹೊಡೆಯುತ್ತದೆ. ಕೋಟೆಯ ಬಾಗಿಲ ಹತ್ತಿರವೇ ಮುಖ್ಯಪ್ರಾಣನ ಗುಡಿ ಇದೆ. ಕೈಮುಗಿಯಬೇಕು ಅನ್ನಿಸಿದರೆ ಅಕ್ಕ ಮುಗಿಯಲಿ, ಇಲ್ಲದಿದ್ದರೆ ಬೇಡ.

ದೊಡ್ಡ ರಿಸಾರ್ಟಿನ ದರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಪಳ್ಳಿಕ್ಕೆರೆಯಲ್ಲಿ ಒಂದು ಮನೆಯವರು ಕೋಣೆ ಬಾಡಿಗೆಗೆ ಕೊಡುತ್ತಾರೆ, ಊಟವನ್ನೂ ಅವರೇ ಹಾಕುತ್ತಾರೆ. ಓಣಂನ ಮುಖ್ಯ ದಿನವಾದ ತಿರುವೋಣದ ಗದ್ದಲ ಮುಗಿದ ಮೇಲಿನ ದಿನಗಳಿಗೆ ಹೇಳಿಟ್ಟಿದ್ದೇನೆ. ಆ ಮನೆಯೊಡತಿ ಚೇಚಿಗೆ ಫೋನಿನಲ್ಲಿ ಎರಡು ವಿಷಯ ಒತ್ತಿ ಹೇಳಿದೆ. ಬೆಳಿಗ್ಗೆ ಅಕ್ಕನನ್ನು ಎಬ್ಬಿಸಬೇಡಿ. ಅಡಿಗೆಮನೆಗೆ ಬಂದು “ಏನಾದರೂ ಹೆಚ್ಚಿಕೊಡಲಾ” ಅಂತ ಕೇಳಿಯೇ ಕೇಳುತ್ತಾಳೆ, ಕೊಡಬೇಡಿ.

ಬೇಕಲದಿಂದ ಆಶ್ರಮ ದೂರವೇನಿಲ್ಲ. ಅಲ್ಲಿಯವರೆಗೆ ಹೋದ ಮೇಲೆ ಆಶ್ರಮಕ್ಕೂ ಹೋಗಿ ಬರಬಹುದಲ್ವಾ ಅಂತ ಅಣ್ಣ ಬೆಂಗಳೂರಿನಿಂದ ಹೇಳಿದ. ಬೇಡ ಅಂದೆ. ಇದು ಅಕ್ಕನ ರಜೆ. ನಾನು ಕ್ರಿಸ್‌ಮಸ್ ರಜೆಯಲ್ಲಿ ಒಬ್ಬಳೇ ಆಶ್ರಮಕ್ಕೆ ಹೋಗುತ್ತೇನೆ. ಉಳಿದುಕೊಳ್ಳುವವರು ಮುಂಚಿತವಾಗಿ ತಿಳಿಸಬೇಕು, ಹಾಗಾಗಿ ನಿನ್ನೆಯೇ ಬರೆದು ಕಳಿಸಿದೆ.