ಹೆನ್ಲಿಯಲ್ಲಿ ಅಪ್ಪ, ಮತ್ತೆ ದೊಡ್ಡಪ್ಪನ ತಾರಿ

4 ಜುಲೈ 2025, ಶುಕ್ರವಾರ
ರೆಡಿಂಗ್

ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. "ದೋಣಿ ಹಾಕಿ ಹೊಟ್ಟೆ ಹೊರೆಯುವವನಿಗೆ ದೋಣಿ ಪಂದ್ಯದಲ್ಲೇ ಜಾಗ ಇಲ್ಲ ಅಂದ್ರೆ ಅದೆಂಥ ನ್ಯಾಯ?"

ಬೆಳಿಗ್ಗೆ ಹೆನ್ಲಿಯ ದೋಣಿ ಪಂದ್ಯ ನೋಡಲು ಹೊರಟಾಗ ಎಷ್ಟು ಖುಷಿಯಲ್ಲಿದ್ದರು! ಟ್ವೈಫರ್ಡ್‌ನಲ್ಲಿ ಇಳಿದು ಹೆನ್ಲಿಯ ಪುಟ್ಟ ರೈಲು ಹತ್ತಿದರೆ ಬೋಗಿ ತುಂಬ ಬಣ್ಣದ ಪಟ್ಟೆ ಕೋಟಿನ ಹಿರಿಯರು. ಟೈ ಇಲ್ಲದೆ ಕಾಲಿಡುವಂತಿಲ್ಲದ, ಸದಸ್ಯರ ಮತ್ತು ಅವರ ಅತಿಥಿಗಳ ಆವರಣವಾದ ಸ್ಟೀವರ್ಡ್ಸ್ ಎನ್‌ಕ್ಲೋಷರಿನ ಗೊಡವೆ ಬಿಟ್ಟು ನಾವು ಥೇಮ್ಸ್ ದಡದ ಕಾಲುದಾರಿ ಹಿಡಿದೆವು.

ಟೆಂಪಲ್ ದ್ವೀಪದಿಂದ ಊರಿನ ಸೇತುವೆಯ ಕಡೆಗೆ 2112 ಮೀಟರ್, ಅದೂ ಹರಿವಿಗೆ ಎದುರಾಗಿ. ಒಂದು ಸಲಕ್ಕೆ ಎರಡೇ ದೋಣಿ, ಸೋತವರು ಅಲ್ಲಿಗೇ ಮನೆಗೆ. ಜನ ದೋಣಿ ನೋಡುತ್ತಿದ್ದರೆ ಅಪ್ಪ ನೀರು ನೋಡುತ್ತಿದ್ದರು. ಎಂಟು ಜನರ ದೋಣಿ ನಮ್ಮೆದುರು ಹಾದು ಹೋದಾಗ ಹುಟ್ಟು ಎದ್ದ ಜಾಗದಲ್ಲೆಲ್ಲ ಒಂದೊಂದು ಸುಳಿ, ಬಿಡಿಬಿಡಿಯಾಗಿ ತಿರುಗುತ್ತಾ ಉಳಿಯಿತು. "ನೋಡು, ಸುಳಿ ಎಷ್ಟು ಗಟ್ಟಿ. ಹುಟ್ಟು ಸರಿಯಾಗಿ ಕಚ್ಚಿದೆ. ನಿನ್ನ ದೊಡ್ಡಪ್ಪ ಇದನ್ನೇ ಹೇಳ್ತಿದ್ದ."

ದೊಡ್ಡಪ್ಪ ಊರಲ್ಲಿ ತದಡಿ-ಅಘನಾಶಿನಿ ನಡುವೆ ತಾರಿ, ಅಂದರೆ ಜನರನ್ನು ನದಿ ದಾಟಿಸುವ ದೋಣಿ, ಹಾಕಿದವರು. ಗೋಕರ್ಣದ ಹೈಸ್ಕೂಲಿಗೆ ಹೋಗುವಾಗ ಅಪ್ಪನನ್ನು ದಾಟಿಸುತ್ತಿದ್ದವರೂ ಅವರೇ.

ಆ ಮಾತಿನ ಮೇಲೆ ನಾನು ಜಾನ್ ಕೆಲ್ಲಿಯ ಕಥೆ ತೆಗೆದೆ. ಫಿಲಡೆಲ್ಫಿಯಾದವನು, ಇಟ್ಟಿಗೆ ಕಟ್ಟಿ ಮೇಲೆ ಬಂದವನು. 1920ರಲ್ಲಿ ಇಲ್ಲಿಯ, ಒಬ್ಬನೇ ಹುಟ್ಟು ಹಾಕುವ ಪಂದ್ಯವಾದ ಡೈಮಂಡ್ ಸ್ಕಲ್ಸ್‌ಗೆ ಹೆಸರು ಕೊಟ್ಟರೆ ಸೇರಿಸಿಕೊಳ್ಳಲಿಲ್ಲ. ಅವನ ಕ್ಲಬ್ಬಿನ ಮೇಲೆ ಹಳೆಯ ನಿಷೇಧವಿತ್ತು, ಕೈಕೆಲಸದವರು ಸ್ಪರ್ಧಿಸುವಂತಿಲ್ಲ ಎಂಬ ನಿಯಮವೂ ಇತ್ತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ. ಒಂದರಲ್ಲಿ ಸೋಲಿಸಿದ್ದು ಆ ಸಲದ ಡೈಮಂಡ್ ಗೆದ್ದಿದ್ದ ಬೆರೆಸ್‌ಫರ್ಡ್‌ನನ್ನೇ! 1947ರಲ್ಲಿ ಕೆಲ್ಲಿಯ ಮಗ ಇದೇ ನೀರಿನಲ್ಲಿ ಡೈಮಂಡ್ ಗೆದ್ದ. ನನಗೆ ಇದು ಎಷ್ಟು ಸಲ ಹೇಳಿದರೂ ಮೈ ಝುಂ ಅನ್ನುವ ಕಥೆ.

ಅಪ್ಪ ಮಗನ ಗೆಲುವಿನವರೆಗೆ ಬರಲೇ ಇಲ್ಲ. "ಇಟ್ಟಿಗೆಯವನು ಇರಲಿ. ದೋಣಿಯವರು?"

ಅವರಿಗೂ ಜಾಗ ಇರಲಿಲ್ಲ ಅಪ್ಪ. ಪಂದ್ಯ ಹವ್ಯಾಸಿಗಳಿಗಷ್ಟೇ. ಸಂಬಳಕ್ಕೆ ದೋಣಿ ಕೆಲಸ ಮಾಡಿದವರು, ಕೂಲಿಯವರು ಯಾರೂ ಹವ್ಯಾಸಿಗಳಲ್ಲ ಅಂತ 1879ರಲ್ಲೇ ಬರೆದಿಟ್ಟಿದ್ದರು. 1936ರಲ್ಲಿ ಆಸ್ಟ್ರೇಲಿಯಾದ ಪೊಲೀಸರ ತಂಡವನ್ನೂ ಹೊರಗಿಟ್ಟು ಗಲಾಟೆಯಾಯಿತು. ಕೈಕೆಲಸದವರ ಮೇಲಿನ ನಿರ್ಬಂಧ ಹೋದದ್ದು ಅದರ ಮರುವರ್ಷ.

"ಅಂದ್ರೆ ನಿನ್ನ ದೊಡ್ಡಪ್ಪ ಇಲ್ಲಿ ಹುಟ್ಟಿದ್ರೆ, ಈ ಶೋಕಿಯವರನ್ನ ಪಂದ್ಯಕ್ಕೆ ದಾಟಿಸಿಬಿಟ್ಟು ತಾನು ದಡದಲ್ಲಿ ನಿಲ್ಬೇಕಿತ್ತು."

ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆದರೆ ಮಧ್ಯಾಹ್ನ ಶಾಲೆ ಹುಡುಗರ ಪಂದ್ಯ ಬಂದದ್ದೇ ಅಪ್ಪ ಎದ್ದು ನಿಂತರು. ಎರಡು ದೋಣಿಯೂ ಸರಿಸಮ, ಹಿಂದೆ ಅಂಪೈರರ ದೋಣಿ. ಅಪ್ಪ "ಹೋಯ್! ಹೋಯ್!" ಅಂತ ನಮ್ಮೂರ ಕೂಗೇ ಕೂಗಿದರು. ಪಕ್ಕದ ಹೆಂಗಸು ಅರ್ಥವಾದವಳ ಹಾಗೆ ತಾನೂ ಕೂಗಿದಳು. ಸೋತ ದೋಣಿಯಲ್ಲಿ ಒಬ್ಬ ಹುಡುಗ ಹುಟ್ಟಿನ ಮೇಲೆ ಮುಖ ಹಾಕಿ ಬಿದ್ದುಕೊಂಡಿದ್ದ, ಬೆನ್ನು ಮಾತ್ರ ಏರಿಳಿಯುತ್ತಿತ್ತು. ಹಿಂದೆ ಕೂತವನು ಮುಂದೆ ಬಾಗಿ ಆ ಬೆನ್ನ ಮೇಲೆ ಕೈಯಿಟ್ಟ. ಅಪ್ಪನ ಕಣ್ಣು ಒದ್ದೆಯಾಗಿತ್ತು. ಬಿಸಿಲು ಅಂದರು.

ಮುಂದಿನ ವಾರ ಹೊರಡುತ್ತಾರೆ. ಮೊಣಕಾಲು ಹೀಗಿರುವಾಗ ಮತ್ತೆ ಅಷ್ಟು ದೂರದ ವಿಮಾನ ಹತ್ತುತ್ತಾರೋ ಇಲ್ಲವೋ. ಅದನ್ನು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ.

ದೊಡ್ಡಪ್ಪ ದೋಣಿಯ ಮೇಲೆ ನಿಂತ ಒಂದು ಫೋಟೋನಾದರೂ ನಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ? ನಾಳೆ ದೊಡ್ಡಮ್ಮನಿಗೆ ಫೋನ್ ಮಾಡಬೇಕು. ಮಳೆಗಾಲ, ಲೈನ್ ಸಿಗುವುದು ಕಷ್ಟ, ಸಿಕ್ಕರೂ ಅವರಿಗೆ ಕಿವಿ ಕೇಳಿಸದು, ಅಣ್ಣನ ಮಗಳಿಗೆ ಹೇಳಿ ಪೆಟ್ಟಿಗೆ ತೆಗೆಸಿದರೆ...