ಸಾಹೇಬ್ರು ಸಿಟ್ಟಾದ್ರ ನೌಕರಿ ಹೋಗ್ತದೇನ್ರಿ?

ರಾಯಚೂರಿನ್ಯಾಗ ಸರ್ವಿಸ್ ಕೇಸ್, ಅಂದ್ರ ಸರ್ಕಾರಿ ನೌಕರರ ನೌಕರಿ ತಕರಾರು, ನೋಡೋ ವಕೀಲ ನಾನು. ಕೋರ್ಟಿನ ಮುಂದ ಚಾ ಕುಡಿಯೋವಾಗ, ಲಗ್ನದ ಪಂಕ್ತಿಯೊಳಗ, ಎಲ್ಲಿ ಸಿಕ್ರೂ ಕೇಳೋದು ಒಂದೇ, "ವಕೀಲ್ರೆ, ಸಾಹೇಬ್ರು ಮನೀಗೆ ಕಳಿಸ್ತೀನಿ ಅಂದಾರ, ಹಂಗ ಕಳಸಾಕ ಬರ್ತದೇನ್ರಿ?"

ಪರ್ಮನೆಂಟ್ ಸರ್ಕಾರಿ ನೌಕರ ಆಗಿದ್ರ ಬರೋದಿಲ್ಲ. ಸಂವಿಧಾನದ 310ನೇ ವಿಧಿ ಓದಿದ್ರ ಎದಿ ಧಸಕ್ ಅಂತದ, ರಾಜ್ಯಪಾಲರ ಇಚ್ಛೆ ಇರೋತನಕ ನೌಕರಿ ಅಂತ ಅದ ಅಲ್ಲಿ, ಆದ್ರ ಅದರ ಬೆನ್ನಿಗೇ 311 ಬಂದು ಸರ್ಕಾರದ ಕೈ ಹಿಡೀತದ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವ್ರು ವಜಾ ಮಾಡಂಗಿಲ್ಲ, ಆರೋಪ ಏನಂತ ತಿಳಿಸಿ ಎನ್‌ಕ್ವೈರಿ ನಡೆಸಿ ನಿಮ್ಮ ಮಾತು ಕೇಳಲಾರದ ಯಾರೂ ಮಾಡಂಗಿಲ್ಲ. ಎನ್‌ಕ್ವೈರಿ ಹೆಂಗ ನಡೀಬೇಕು ಅನ್ನೋದು ನಮ್ಮ ರಾಜ್ಯದ 1957ರ ಸಿಸಿಎ ರೂಲ್ಸ್‌ನ್ಯಾಗ, ಅಂದ್ರ ನೌಕರರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿ ನಿಯಮದಾಗ, ಅದ.

ಎನ್‌ಕ್ವೈರಿ ಬ್ಯಾಡ ಅನ್ನೋ ಸಂದರ್ಭ ಮೂರೇ. ಕ್ರಿಮಿನಲ್ ಕೇಸ್‌ನ್ಯಾಗ ಶಿಕ್ಷೆ ಆಗಿರಬೇಕು, ಇಲ್ಲಾ ವಿಚಾರಣೆ ನಡಸಾಕ ಸಾಧ್ಯನೇ ಇಲ್ಲಂತ ಅಧಿಕಾರಿ ಕಾರಣ ಬರೆದಿಡಬೇಕು, ಇಲ್ಲಾ ರಾಜ್ಯದ ಭದ್ರತೆ ಪ್ರಶ್ನೆ ಇರಬೇಕು. 1985ರ ತುಳಸಿರಾಂ ಪಟೇಲ್ ಕೇಸ್‌ನ್ಯಾಗ ಸುಪ್ರೀಂ ಕೋರ್ಟ್ ಇವನ್ನ ಎತ್ತಿ ಹಿಡೀತು.

ಸಸ್ಪೆಂಡ್ ಆದವ್ರು ಎಲ್ಲಾ ಮುಗೀತು ಅಂತ ಅಳ್ಕೋತ ಬರ್ತಾರ. ಮುಗಿದಿರಂಗಿಲ್ರೀ, ಸಸ್ಪೆಂಡ್ ಬ್ಯಾರೆ ವಜಾ ಬ್ಯಾರೆ, ಜೀವನಾಧಾರ ಭತ್ಯೆ ಬರ್ತದ, ಚಾರ್ಜ್‌ಶೀಟ್ ಅಂದ್ರ ಆರೋಪ ಪಟ್ಟಿ ಕೊಡಲಾರದ ಮೂರು ತಿಂಗಳ ಮ್ಯಾಲೆ ಸಸ್ಪೆಂಡ್‌ನ್ಯಾಗ ಇಡಬಾರದು ಅಂತ 2015ರಾಗ ಅಜಯ್ ಕುಮಾರ್ ಚೌಧರಿ ಕೇಸ್‌ನ್ಯಾಗ ಸುಪ್ರೀಂ ಕೋರ್ಟೇ ಹೇಳ್ಯದ. ಆದ್ರ ಕೈಮುಗಿದು ಕೇಳ್ತೀನಿ, ಚಾರ್ಜ್‌ಶೀಟ್ ಬಂದ್ರ ತಗೊಳ್ರಿ, ಉತ್ತರ ಬರೀರಿ, ಎನ್‌ಕ್ವೈರಿಗೆ ಹೋಗ್ರಿ. ರಿಜಿಸ್ಟರ್ ಪೋಸ್ಟ್ ವಾಪಸ್ ಕಳಿಸಿದ್ರ ಕೇಸೂ ವಾಪಸ್ ಹೋಗ್ತದ ಅಂದ್ಕೊಂಡು ಕುಂತವ್ರನ್ನ ಭಾಳ ನೋಡೀನಿ, ಎಕ್ಸ್‌ಪಾರ್ಟಿ ಆಗಿ, ಅಂದ್ರ ನೀವು ಹಾಜರಿಲ್ಲದೇ, ಆರ್ಡರ್ ಬಂದ ಮ್ಯಾಲೆ ಕಲಬುರಗಿ ಕೆಎಟಿಗೆ (ರಾಜ್ಯ ಆಡಳಿತ ನ್ಯಾಯಮಂಡಳಿಗೆ) ಓಡಿದ್ರ ನಮಗ ವಾದ ಮಾಡಾಕ ಏನ್ ಉಳಿದಿರ್ತದ?

ನನಗ ನಿದ್ದಿ ಕೆಡಿಸೋದು ಏಜೆನ್ಸಿ ಮೂಲಕ ದುಡಿಯೋ ಔಟ್‌ಸೋರ್ಸ್‌ನವ್ರ ಸಂಕಟ. 311 ಸಿವಿಲ್ ಹುದ್ದೆಯೊಳಗ ಇದ್ದವ್ರಿಗೆ ಅಷ್ಟೇ. ದಿನಗೂಲಿಯವ್ರಿಗೂ ದಾರಿ ಸಣ್ಣದೇ, ನಮ್ಮ ಕರ್ನಾಟಕದಿಂದನೇ ಹೋದ ಉಮಾದೇವಿ ಕೇಸ್‌ನ್ಯಾಗ 2006ರಾಗ ಸುಪ್ರೀಂ ಕೋರ್ಟ್, ನೇಮಕಾತಿ ನಿಯಮ ಬಿಟ್ಟು ತಗೊಂಡವ್ರಿಗೆ ಕಾಯಂ ಆಗೋ ಹಕ್ಕಿಲ್ಲ ಅಂದದ, ಮಂಜೂರಾದ ಹುದ್ದೆಯೊಳಗ ಕೋರ್ಟ್ ಆರ್ಡರ್ ಇಲ್ಲದ ಹತ್ತು ವರ್ಷ ದುಡಿದವ್ರಿಗೆ ಒಮ್ಮೆ ಮಾತ್ರ ಅವಕಾಶ ಕೊಡ್ರಿ ಅಂತ.

ಹೋದ ತಿಂಗಳು ಒಬ್ಬ ಆಯಾ ಬಂದಿದ್ಲು, ಆಫೀಸ್ ಕಸ ಹೊಡದು ಹದಿನಾಲ್ಕು ವರ್ಷ ಆಗ್ಯದ, ಏಜೆನ್ಸಿ ಬದಲಾತು ಅಂತ ಫೋನ್‌ನ್ಯಾಗೇ "ನಾಳೆಯಿಂದ ಬರಬ್ಯಾಡ" ಅಂದಾರ. ಕೈಯಾಗ ಒಂದು ಆರ್ಡರ್ ಕಾಪಿನೂ ಇಲ್ಲ. ಪಿಎಫ್ ನಂಬರ್ ಹುಡುಕಿ ತಗೊಂಡು ಬಾರವ್ವಾ ಅಂದೀನಿ, ಲೇಬರ್ ಆಫೀಸಿಗೆ ಅರ್ಜಿ ಬರೀಲಿಕತ್ತೀನಿ.